ರಾಜನ ತೋಟದಲ್ಲಿ ಏನು ಬೆಳೆಯುತ್ತಿತ್ತು

ಸರ್ವೋತ್ತಮ ಸೋನ್ಸರ ಮನೆ ಇದ್ದದ್ದು ಅಮೆರಿಕದ ಯೂನಿಯನ್ ಸಿಟಿಯಲ್ಲಿ. ಅವರು ಬದುಕಿದ್ದು ಮಾತ್ರ ಯೆರೂಸಲೇಮಿನಲ್ಲಿ. ಅದೂ ಈಗಿನ ಯೆರೂಸಲೇಮ್ ಅಲ್ಲ. ಅಲ್ಲಿಗೆ ಯಾವ ವಿಮಾನ ಹೋಗುತ್ತದೆಂದು ಕೂಡ ಅವರು ವಿಚಾರಿಸಿದವರಲ್ಲ. ಬಾಬೆಲಿನ ಸೆರೆಯಿಂದ ಮರಳಿದ ಜನ ಸುಟ್ಟು ಬಿದ್ದಿದ್ದ ಕಲ್ಲುಗಳನ್ನೇ ಎತ್ತಿ ಮತ್ತೆ ಗೋಡೆ ಕಟ್ಟಿಕೊಂಡರಲ್ಲ, ಆ ಕಾಲದ ಯೆರೂಸಲೇಮ್. ಅದರ ಯಾವ ಬಾಗಿಲು ಯಾವ ದಿಕ್ಕಿಗೆ, ಯಾವ ಬುರುಜಿನಿಂದ ಯಾವ ಹಳ್ಳ ಕಾಣುತ್ತದೆ, ಬುಗ್ಗೆಯ ನೀರು ಬಂಡೆಯೊಳಗಿನ ಸುರಂಗದಲ್ಲಿ ಹೇಗೆ ತಿರುಗಿ ಕೊಳಕ್ಕೆ ಬಂದು ಬೀಳುತ್ತದೆ, ಎಲ್ಲವೂ ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ತಮ್ಮ ಬೀದಿಯ ಕೊನೆಯ ಮನೆಯಲ್ಲಿ ಯಾರಿದ್ದಾರೆಂದು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು.

ಊರು ಇದ್ದದ್ದು ಅವರ ಗ್ಯಾರೇಜಿನಲ್ಲಿ. ಬೇರೆಯವರ ಗ್ಯಾರೇಜಿನಲ್ಲಿ ಕಾರು, ಸೈಕಲ್ಲು, ಅಗ್ಗಕ್ಕೆ ಸಿಕ್ಕಿತೆಂದು ತಂದು ಪೇರಿಸಿದ ಟಿಶ್ಯೂ ಪೇಪರು ಇರುತ್ತದೆ. ಇವರಲ್ಲಿ ಊಟದ ಮೇಜಿಗಿಂತ ದೊಡ್ಡ ಹಲಗೆ, ಹಲಗೆಯ ಮೇಲೆ ರಟ್ಟಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಎಬ್ಬಿಸಿದ ಗುಡ್ಡ, ಗುಡ್ಡದ ಬೆನ್ನಿಗೆ ಸುತ್ತಿಕೊಂಡ ಗೋಡೆ, ಮೂಡಣಕ್ಕೆ ಕಿದ್ರೋನ್ ಹಳ್ಳ, ತೆಂಕಣಕ್ಕೆ ಹಿನ್ನೋಮ್ ತಗ್ಗು. ಕಾರು ಬೀದಿಯಲ್ಲಿ ನಿಂತು ಬಿಸಿಲಿಗೆ ಬಣ್ಣ ಕಳೆದುಕೊಂಡಿತು. ಪ್ಲೆಸೆಂಟನ್ನಿನ ಒಂದು ಆಫೀಸಿನಲ್ಲಿ ಹೊಸ ಬಡಾವಣೆಗಳ ನೆಲದ ನಕ್ಷೆ ತೆಗೆಯುವುದು ಅವರ ಕೆಲಸ: ಎಲ್ಲಿ ಏರು, ಎಲ್ಲಿ ಇಳಿಜಾರು, ಮಳೆ ನೀರು ಯಾವ ಕಡೆ ಹರಿಯಬೇಕು, ರಸ್ತೆಯ ಸದ್ದು ಮನೆಗಳಿಗೆ ಕೇಳದ ಹಾಗೆ ಕಾಂಪೌಂಡು ಎಲ್ಲಿಂದ ಎಲ್ಲಿಯ ತನಕ ಏಳಬೇಕು. ದಿನವಿಡೀ ಕಂಡವರ ಮನೆಗಳಿಗೆ ನೆಲ ಸಮ ಮಾಡಿ, ಫ್ರೀವೇ ಟ್ರಾಫಿಕ್ಕಿನಲ್ಲಿ ಹಲ್ಲು ಕಚ್ಚಿ ಕೂತು ಮನೆ ಸೇರಿದ ಮನುಷ್ಯ, ಶೂ ಬಿಚ್ಚುವ ಮೊದಲೇ ಗ್ಯಾರೇಜಿನ ದೀಪ ಹಾಕುತ್ತಿದ್ದರು. ಒಳಗಿನಿಂದ ಹೆಂಡತಿ ಸೌದಾಮಿನಿ ಚಹಾ ಆಯಿತೆಂದು ಕರೆಯುತ್ತಿದ್ದಳು. ಆಮೇಲೆ ತಾನೇ ತಂದು ಹಿನ್ನೋಮ್ ತಗ್ಗಿನ ಪಕ್ಕ ಇಟ್ಟು ಹೋಗುತ್ತಿದ್ದಳು.

ಈ ಹುಚ್ಚು ಅವರಿಗೆ ಹುಟ್ಟಿನಿಂದಲೇ ಬಂದದ್ದು. ಮುಲ್ಕಿಯಲ್ಲಿ ಅವರ ತಂದೆ ಸಂಡೇ ಸ್ಕೂಲಿನ ಮಾಸ್ಟ್ರು. ಪ್ರತಿ ಸಂಜೆ ಮನೆ ಪ್ರಾರ್ಥನೆ, ಪ್ರಾರ್ಥನೆ ಮುಗಿದ ಮೇಲೆ ಯೆರೂಸಲೇಮಿನ ಗೋಡೆಯ ಬಾಗಿಲುಗಳ ಪ್ರಶ್ನೋತ್ತರ. ಮಕ್ಕಳು ಸಾಲಾಗಿ ನಿಲ್ಲಬೇಕು. “ಕುರಿಬಾಗಿಲಿನ ನಂತರ?” “ಮೀನುಬಾಗಿಲು.” “ಮೀನುಬಾಗಿಲಿನ ನಂತರ?” “ಹಳೇಬಾಗಿಲು.” ಹೀಗೆ ಬಡಗಣದಿಂದ ಹೊರಟು ಪಡುವಣ, ತೆಂಕಣ, ಮೂಡಣ ಸುತ್ತಿ ಮತ್ತೆ ಕುರಿಬಾಗಿಲಿಗೆ ಬಂದು ಮುಟ್ಟುವ ತನಕ ಯಾರಿಗೂ ಊಟವಿಲ್ಲ. ಅಡಿಗೆಮನೆಯಿಂದ ಬಂಗುಡೆ ಸಾರಿನ ವಾಸನೆ ಬರುತ್ತಿರುತ್ತದೆ, ಹೊಟ್ಟೆ ತಾಳ ಹಾಕುತ್ತಿರುತ್ತದೆ, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ಹೇಳಬೇಕು. ತಪ್ಪಿದವನ ಕಿವಿ ಕೆಂಪಾಗುತ್ತಿತ್ತು. ಅಣ್ಣಂದಿರು ದೊಡ್ಡವರಾಗುತ್ತಲೇ ಬಾಗಿಲುಗಳನ್ನೂ ಅಪ್ಪನನ್ನೂ ಒಟ್ಟಿಗೇ ಮರೆತು ಹಾಯಾಗಿದ್ದರು. ಸರ್ವೋತ್ತಮರು ಮಾತ್ರ ಅದನ್ನು ಉಪ್ಪಿನಕಾಯಿ ಭರಣಿಯ ಹಾಗೆ ಜೋಪಾನವಾಗಿ ಸೂಟ್‌ಕೇಸಿನಲ್ಲಿಟ್ಟು ಅಮೆರಿಕಕ್ಕೆ ತಂದರು.

ಸೌದಾಮಿನಿ ಶಂಕರಪುರದವಳು. ಅವಳ ಅಪ್ಪನಿಗೆ ಮಲ್ಲಿಗೆಯ ತೋಟವಿತ್ತು. ಚರ್ಚಿನ ಸಭೆಯಲ್ಲಿ ಹಾಡುತ್ತಿದ್ದಳು, ಮಾತಿಗೊಮ್ಮೆ ನಗುತ್ತಿದ್ದಳು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಒಂದು ಸಂಜೆ ಗಂಡ ನಡೆಸುತ್ತಿದ್ದ ಅದೇ ಪ್ರಶ್ನೋತ್ತರದಲ್ಲಿ ತಗ್ಗಿನ ಬಾಗಿಲು ಎನ್ನುವ ಕಡೆ ಕುದುರೆ ಬಾಗಿಲು ಅಂದಳು. ಅಂದು, “ಕುದುರೆ ಓಡಿ ಬಂತು” ಎಂದು ತನ್ನ ತಪ್ಪಿಗೆ ತಾನೇ ನಕ್ಕಳು. ಸರ್ವೋತ್ತಮರು ನಗಲಿಲ್ಲ. ಅವರು ಓದಿದವರು, ಕಿವಿ ಹಿಂಡುವ ಕಾಲದವರಲ್ಲ. ತಟ್ಟೆಯ ಮುಂದೆ ಕೈ ಕಟ್ಟಿ ಕೂತರು, ಅಷ್ಟೆ. ಅನ್ನ ಆರಿತು. ಅವಳು ತಡವರಿಸಿ ತಡವರಿಸಿ ಸರಿಯಾಗಿ ಹೇಳಿ ಮುಗಿಸಿದ ಮೇಲೆ, “ಹ್ಞಾಂ, ಇನ್ನು ಊಟ ಮಾಡುವ” ಅಂದರು. ಕಿವಿ ಹಿಂಡಿದ್ದರೆ ವಾಸಿಯಿತ್ತು. ಒಂದು ಗಳಿಗೆಯ ಉರಿ, ಆಮೇಲೆ ಜಗಳವನ್ನಾದರೂ ಆಡಬಹುದಿತ್ತು. ಕೈ ಕಟ್ಟಿ ಕೂತವನ ಹತ್ತಿರ ಯಾರು ಜಗಳವಾಡುತ್ತಾರೆ? ಅವಳು ಬಾಗಿಲುಗಳನ್ನು ಕಲಿತಳು. ಆ ಮನೆಯಲ್ಲಿ ನಗು ಕಡಿಮೆಯಾಯಿತು.

ಮಗಳು ಲಾಸ್ಯಾ ಹುಟ್ಟಿದಳು. ಅವಳೂ ಕೆಲವು ವರ್ಷ ಸಾಲಿನಲ್ಲಿ ನಿಂತಳು. ಒಂದು ಸಂಜೆ, “ಪಪ್ಪಾ, ದಿಸ್ ಈಸ್ ಸೋ ಬೋರಿಂಗ್” ಎಂದು ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಈ ನೆಲದಲ್ಲಿ ಹುಟ್ಟಿದ ಮಕ್ಕಳಿಗೆ ಚಿಲಕ ಹಾಕುವ ಧೈರ್ಯವಿರುತ್ತದೆ. ಅಲ್ಲಿಂದ ಮುಂದೆ ಪ್ರಶ್ನೆಯೆಲ್ಲ ಹೆಂಡತಿಯೊಬ್ಬಳ ಮೇಲೆ. ಅವಳು ತಪ್ಪುತ್ತಲೂ ಇದ್ದಳು. ಒಲೆಯ ಮೇಲೆ ಪಲ್ಯ ಇರುತ್ತಿತ್ತು, ಮಗಳಿಗೆ ಜ್ವರ ಇರುತ್ತಿತ್ತು, ನಾಳೆ ಡೇಕೇರಿಗೆ ಬೇಗ ಹೋಗಬೇಕಾಗಿರುತ್ತಿತ್ತು. ಫ್ರೀಮಾಂಟಿನ ಒಂದು ಡೇಕೇರಿನಲ್ಲಿ ಅವಳು ಬೇರೆಯವರ ಮಕ್ಕಳನ್ನು ತೊಡೆಯ ಮೇಲಿಟ್ಟು ಆಡಿಸಿ ಮುದುಕಿಯಾದಳು. ಆ ಡೇಕೇರಿನ ಬಾಗಿಲು ಯಾವ ಬೀದಿಗೆ ತೆರೆಯುತ್ತದೆಂದು ಸರ್ವೋತ್ತಮರು ಒಮ್ಮೆಯೂ ಹೋಗಿ ನೋಡಲಿಲ್ಲ.

ಮಾದರಿ ಕಟ್ಟುವಾಗ ನೂಲಿನ ಇನ್ನೊಂದು ತುದಿ ಹಿಡಿಯುವುದು ಅವಳ ಕೆಲಸ. ಅಳತೆ ನೋಡುವುದು ಅವರು, ಅಲ್ಲಾಡದೆ ನಿಲ್ಲುವುದು ಅವಳು. ಅಷ್ಟು ವರ್ಷಗಳಲ್ಲಿ ಆ ಊರಿನ ಬಗ್ಗೆ ಅವಳು ತಾನಾಗಿ ಕೇಳಿದ್ದು ಒಂದೇ ಪ್ರಶ್ನೆ. ಸಿಲೋವ ಕೊಳಕ್ಕೆ ನೀಲಿ ಬಳಿಯುತ್ತಿದ್ದ ದಿನ ಅದು.

“ಇವರೇ, ಕೊಳದ ಹತ್ತಿರ ರಾಜನ ತೋಟ ಅಂತ ಉಂಟಲ್ಲ, ಅದರಲ್ಲಿ ಎಂತ ಬೆಳೀತಿತ್ತು?”

“ಬರೆದಿಲ್ಲ.”

“ಅಲ್ಲ, ಅಷ್ಟು ನೀರು ಇರುವಲ್ಲಿ ಮಲ್ಲಿಗೆ ಇದ್ದಿರಬಹುದಲ್ಲ?”

“ಸತ್ಯವೇದದಲ್ಲಿ ಬರೆದಿಲ್ಲ ಅಂತ ಹೇಳಿದೆನಲ್ಲ ಮಾರಾಯ್ತಿ. ನೂಲು ಸರಿ ಹಿಡಿ.”

ಅವಳು ನೂಲು ಸರಿಯಾಗಿ ಹಿಡಿದಳು. ರಾಜನ ತೋಟ ಬರೀ ಹಸಿರು ಬಣ್ಣ ಬಳಿದ ಒಂದು ತುಂಡು ರಟ್ಟಾಗಿ ಉಳಿಯಿತು. ಮನೆಯ ಹಿತ್ತಿಲಿನಲ್ಲೂ ಅವಳಿಗೆ ಮಲ್ಲಿಗೆ ನೆಡುವ ಆಸೆಯಿತ್ತು. ನೀರು ನಿಂತು ಗೋಡೆಗೆ ತೇವ ಬರುತ್ತದೆಂದು ಹೇಳಿ ಸರ್ವೋತ್ತಮರು ಹಿತ್ತಿಲಿಗೆಲ್ಲ ಜಲ್ಲಿ ಹಾಸಿಸಿದ್ದರು. ಇಳಿಜಾರು ಮಾತ್ರ ಬಹಳ ಚೆನ್ನಾಗಿತ್ತು, ಒಂದು ಹನಿ ನೀರು ನಿಲ್ಲುತ್ತಿರಲಿಲ್ಲ.

ಫ್ರೀಮಾಂಟಿನಲ್ಲಿ ಭಾನುವಾರ ಮಧ್ಯಾಹ್ನ ಬಾಡಿಗೆಯ ಚರ್ಚಿನಲ್ಲಿ ಕನ್ನಡ ಸಭೆ ಸೇರುತ್ತದೆ. ಅಲ್ಲಿಯೂ ಸರ್ವೋತ್ತಮರೆಂದರೆ ಎಲ್ಲರಿಗೂ ಒಂದು ಅಳುಕು. ಹುಬ್ಬಳ್ಳಿಯ ಹುಡುಗ ಸುಮನ್ ವಾರವೆಲ್ಲ ಕಂಪ್ಯೂಟರ್ ಕೆಲಸ ಮಾಡಿ ಭಾನುವಾರ ಪಾಸ್ಟರ್ ಆಗಿ ನಿಲ್ಲುತ್ತಾನೆ. ಅವನು ಒಮ್ಮೆ ಪ್ರಸಂಗದ ಭರದಲ್ಲಿ ದಾವೀದನ ಊರನ್ನು ಪಡುವಣ ಗುಡ್ಡದ ಮೇಲೆ ಕೂರಿಸಿಬಿಟ್ಟ. ಸರ್ವೋತ್ತಮರು ನಡುವೆಯೇ ಎದ್ದು ನಿಂತು, “ತಮ್ಮಾ, ಅದು ಮೂಡಣ ದಿಣ್ಣೆ. ಮೊದಲು ಊರು ತಿಳ್ಕೊ, ಆಮೇಲೆ ಪ್ರಸಂಗ ಮಾಡು” ಅಂದರು. ಹುಡುಗನ ಮುಖ ಬಾಡಿತು. ಪಕ್ಕದಲ್ಲಿ ಸೌದಾಮಿನಿ ತಲೆ ತಗ್ಗಿಸಿ ತನ್ನ ಬಳೆ ತಿರುಗಿಸುತ್ತ ಕೂತಿದ್ದಳು.

ಇಬ್ಬರೂ ಕೆಲಸ ಬಿಟ್ಟು ಮನೆಯಲ್ಲಿ ಉಳಿದ ಮೇಲೆ ಅವಳ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು. ಒಂದು ದಿನ ಹಾಲು ಉಕ್ಕಿ ಚೆಲ್ಲಿತ್ತು, ಒಲೆ ಉರಿಯುತ್ತಲೇ ಇತ್ತು, ಅವಳು ಪಕ್ಕದಲ್ಲೇ ನಿಂತು ಕಿಟಕಿಯಾಚೆ ನೋಡುತ್ತಿದ್ದಳು. ಪ್ಲೆಸೆಂಟನ್ನಿನಲ್ಲಿದ್ದ ಲಾಸ್ಯಾ ವಾರಕ್ಕೊಮ್ಮೆ ಬಂದು ಹೋಗುವವಳು. ಒಂದು ಸಲ ಬಂದವಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಸೌದಾಮಿನಿ ಬಹಳ ಮರ್ಯಾದೆಯಿಂದ, “ಯಾರು ಬೇಕಿತ್ತು?” ಎಂದು ಕೇಳಿದಳು. ಲಾಸ್ಯಾ ನಕ್ಕಳು, ಅಮ್ಮ ತಮಾಷೆ ಮಾಡುತ್ತಿದ್ದಾಳೆಂದುಕೊಂಡು. ಅಮ್ಮ ನಗಲಿಲ್ಲ.

“ಪಪ್ಪಾ, ಮಮ್ಮಿ ಈಸ್ ನಾಟ್ ಓಕೆ. ಡಾಕ್ಟರ್‌ಗೆ ತೋರ್ಸೋಣ.”

“ಎಂತ ಆಗಿದೆ ಅವಳಿಗೆ? ಪ್ರಾಯ ಆಯ್ತು, ಅಷ್ಟೇ.”

“ನನ್ನ ಹೆಸ್ರೇ ಮರ್ತಿದಾರೆ ಪಪ್ಪಾ!”

“ನೀನು ತಿಂಗಳಿಗೊಂದು ಥರ ಕೂದಲು ಕತ್ತರಿಸಿಕೊಂಡು ಬಂದ್ರೆ ನನಗೇ ಗುರ್ತ ಸಿಗುದಿಲ್ಲ. ಈಗ ನೋಡು.” ಅವರು ಹೆಂಡತಿಯತ್ತ ತಿರುಗಿದರು. “ಸೌದಾ, ಕುರಿಬಾಗಿಲಿನ ನಂತರ?”

ಸೌದಾಮಿನಿ ಕುರ್ಚಿಯಿಂದ ಎದ್ದು ಸೆರಗು ಸರಿ ಮಾಡಿಕೊಂಡು ನಿಂತಳು. ಮೀನುಬಾಗಿಲು, ಹಳೇಬಾಗಿಲು, ಅಗಲ ಗೋಡೆ, ಒಲೆಗಳ ಬುರುಜು, ತಗ್ಗಿನ ಬಾಗಿಲು, ತಿಪ್ಪೆ ಬಾಗಿಲು, ಬುಗ್ಗೆ ಬಾಗಿಲು, ನೀರು ಬಾಗಿಲು, ಕುದುರೆ ಬಾಗಿಲು, ಮೂಡಣ ಬಾಗಿಲು, ಲೆಕ್ಕದ ಬಾಗಿಲು, ಮತ್ತೆ ಕುರಿಬಾಗಿಲು. ಒಂದು ಕಡೆಯೂ ತಡೆಯಲಿಲ್ಲ. ಮದುವೆಯಾದಾಗಿನಿಂದ ಇಷ್ಟು ಚೊಕ್ಕವಾಗಿ ಹೇಳಿದ್ದೇ ಇಲ್ಲ.

“ಇದು ಮರೆವಿನ ತಲೆಯಾ?” ಸರ್ವೋತ್ತಮರು ಗೆದ್ದ ದನಿಯಲ್ಲಿ ಕೇಳಿದರು. ಲಾಸ್ಯಾ ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಬ್ಯಾಗು ಎತ್ತಿಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತು ಅತ್ತಳು. ಅಪ್ಪನ ಜೊತೆ ವಾದ ಮಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅಲ್ಲಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಇದೇ ನಡೆಯಿತು. ಮಗಳು ಬಾಯಿ ತೆರೆದಾಗಲೆಲ್ಲ ಅಪ್ಪ ಬಾಗಿಲು ಕೇಳುತ್ತಿದ್ದರು, ಅಮ್ಮ ಎದ್ದು ನಿಂತು ತಪ್ಪಿಲ್ಲದೆ ಹೇಳುತ್ತಿದ್ದಳು. ಸರ್ವೋತ್ತಮರಿಗೆ ಒಳಗೊಳಗೇ ಹೆಮ್ಮೆ: ಕೊನೆಗೂ ಇವಳಿಗೆ ಊರಿನ ಮೇಲೆ ಮನಸ್ಸು ಬಂತು ಎಂದು. ಹಿಂದೆ ಅವಳು ತಪ್ಪುತ್ತಿದ್ದದ್ದು ತಲೆಯಲ್ಲಿ ಬೇರೆ ಏನೇನೋ ತುಂಬಿರುತ್ತಿದ್ದದ್ದರಿಂದ, ಈಗ ತಪ್ಪದಿರುವುದು ಆ ಬೇರೆಯದೆಲ್ಲ ಖಾಲಿಯಾಗಿರುವುದರಿಂದ ಎಂದು ಆ ಮಹಾರಾಯರಿಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದರೆ ಹೆಂಡತಿಯ ತಲೆಯಲ್ಲಿ ಬೇರೆ ಏನಿತ್ತೆಂದು ಒಂದು ದಿನವಾದರೂ ಕೇಳಿರಬೇಕಿತ್ತು.

ಅವಳು ಮನೆ ಬಿಟ್ಟು ಹೋದದ್ದು ಒಂದು ಮಧ್ಯಾಹ್ನ. ಸರ್ವೋತ್ತಮರು ಗ್ಯಾರೇಜಿನಲ್ಲಿ ಸಡಿಲಾಗಿದ್ದ ಕುದುರೆ ಬಾಗಿಲಿಗೆ ಗೋಂದು ಹಚ್ಚುತ್ತಿದ್ದರು. ಗೋಂದು ಒಣಗಿತು, ಬಾಗಿಲು ನಿಂತಿತು, ಸೊಂಟ ನೋಯಿತು. ಏನೋ ಕೊರತೆ ಅನ್ನಿಸಿತು. ಚಹಾ ಬಂದಿರಲಿಲ್ಲ. ಹೆಂಡತಿ ಇಲ್ಲವೆಂದು ಅವರಿಗೆ ತಿಳಿದದ್ದು ಹಾಗೆ. ಒಳಗೆ ಹೋಗಿ ನೋಡಿದರೆ ಮನೆಯ ಮುಂಬಾಗಿಲು ಹಾರು ಹೊಡೆದುಕೊಂಡಿತ್ತು, ಅವಳ ಚಪ್ಪಲಿ ಗೂಡಿನಲ್ಲೇ ಇತ್ತು.

ಕರೆದು ನೋಡಿದರು. ಬೀದಿಯ ಎರಡೂ ತುದಿಗೆ ಓಡಿ ನೋಡಿದರು. ಮಗಳಿಗೆ ಫೋನು ಮಾಡಿದರು. ಮಗಳು ಒಂದು ಮಾತೂ ಬೈಯದೆ, “ಪೋಲೀಸಿಗೆ ಕಾಲ್ ಮಾಡಿ ಪಪ್ಪಾ, ನಾನು ಬರ್ತಿದೀನಿ” ಅಂದಳು. ಬಂದ ಪೋಲೀಸಿನವನು ಎಳೆಯ ವಯಸ್ಸಿನವನು, ಬಹಳ ಸೌಮ್ಯ. ಪ್ರಶ್ನೆಗಳನ್ನು ನಿಧಾನವಾಗಿಯೇ ಕೇಳಿದ. ಯಾವ ಬಣ್ಣದ ಬಟ್ಟೆ ಹಾಕಿಕೊಂಡಿದ್ದರು? ಸರ್ವೋತ್ತಮರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಎದುರಿಗೇ ಓಡಾಡಿದ್ದಳು. ಎಲ್ಲಿಗೆ ಹೋಗುವುದು ಅವರಿಗೆ ಇಷ್ಟ? ಗೊತ್ತಿರಲಿಲ್ಲ. ಸ್ನೇಹಿತರು ಯಾರು? ಯಾವ ಬಸ್ಸಿನಲ್ಲಿ ಓಡಾಡುತ್ತಿದ್ದರು? ಯಾವ ಪಾರ್ಕಿನಲ್ಲಿ ಕೂರುತ್ತಿದ್ದರು? ಎರಡೂವರೆ ಸಾವಿರ ವರ್ಷ ಹಿಂದಿನ ಊರಿನಲ್ಲಿ ಮೀನು ಮಾರುವವರು ಎಲ್ಲಿಂದ ಒಳಗೆ ಬರುತ್ತಿದ್ದರು, ಕಸ ಎಲ್ಲಿಂದ ಹೊರಗೆ ಹೋಗುತ್ತಿತ್ತು ಎಂದು ಕೇಳಿದ್ದರೆ ಆ ಹುಡುಗನಿಗೆ ಸಂಜೆಯ ತನಕ ಹೇಳುತ್ತಿದ್ದರು.

ಪೋಲೀಸಿನವನ ಕಾರು ಕಂಡು ಎದುರು ಮನೆಯ ಬಂಗಾರೆವ್ವ ರಸ್ತೆ ದಾಟಿ ಬಂದಳು. ಧಾರವಾಡದ ಕಡೆಯ ಹೆಂಗಸು, ಮಗಳ ಮನೆಯಲ್ಲಿರುವವಳು, ಸೌದಾಮಿನಿಯ ಓರಗೆಯವಳು. ಇಷ್ಟು ವರ್ಷಗಳಲ್ಲಿ ಸರ್ವೋತ್ತಮರು ಅವಳತ್ತ ತಲೆಯಾಡಿಸಿದ್ದು ಬಿಟ್ಟರೆ ಮಾತಾಡಿದ್ದಿಲ್ಲ.

“ಯಾಕ್ರಿ ಸರ, ಪೋಲೀಸ್ರು ಯಾಕ ಬಂದಾರ? ಅಕ್ಕಾರು ಎಲ್ಲದಾರ?”

ಸರ್ವೋತ್ತಮರು ಹೇಳಿದರು. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಬೇಕರಿ ಕಡೆ ನೋಡೀರೇನ್ರಿ? ಕೆರಿ ಕಡೆ?”

“ಯಾವ ಬೇಕರಿ?”

ಬಂಗಾರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನಿಮಗ ಗೊತ್ತಿಲ್ಲೇನ್ರಿ? ನಡೀರಿ, ನಾ ತೋರಸ್ತೀನಿ.”

ಬೇಕರಿ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿತ್ತು. ಫಿಲಿಪಿನೋ ಜನರದ್ದು. ಕೌಂಟರಿನ ಹಿಂದಿದ್ದ ದಪ್ಪನೆಯ ಹೆಂಗಸು ಬಂಗಾರೆವ್ವನನ್ನು ಕಂಡದ್ದೇ ಮುಖವರಳಿಸಿ, ಮಿನಿ ಎಲ್ಲಿ, ಮಿನಿ ಬಾರದೆ ಎಷ್ಟೋ ಕಾಲವಾಯಿತಲ್ಲ ಎಂದು ಕೇಳಿದಳು. ಮಿನಿ ಎಂದರೆ ಸೌದಾಮಿನಿ. ಡೇಕೇರಿನಿಂದ ಬರುತ್ತ ಅವಳು ಇಲ್ಲಿ ಇಳಿದು ಒಂದು ಬಿಸಿ ಬನ್ನು ತಿಂದು, ತನ್ನೂರಿನ ಬೇಕರಿಯ ಬನ್ನು ಹೀಗೇ ಇರುತ್ತಿತ್ತೆಂದು ಪ್ರತಿ ಸಲವೂ ಹೇಳಿ, ಅಂಗಡಿ ಖಾಲಿಯಿದ್ದರೆ ಒಂದು ಹಾಡು ಹಾಡಿ ಹೋಗುತ್ತಿದ್ದಳಂತೆ. ಬಹಳ ನಗುವ ಹೆಂಗಸು ಎಂದಳು ಬೇಕರಿಯವಳು. ಸರ್ವೋತ್ತಮರು ಗಾಜಿನೊಳಗಿನ ಬನ್ನುಗಳನ್ನು ನೋಡುತ್ತ ನಿಂತರು. ಸಿಹಿ ಬನ್ನು ಅವರಿಗಾಗದು, ಮನೆಗೆ ತರಬಾರದೆಂದು ಅವರೇ ಹೇಳಿದ್ದರು. ಹೆಂಡತಿ ಕಾಣೆಯಾದ ಗಾಬರಿಯ ನಡುವೆ ಅವರ ಎದೆಯಲ್ಲಿ ಸಣ್ಣಗೆ ಹೊಟ್ಟೆಕಿಚ್ಚು ಎದ್ದಿತು. ಈ ಮಿನಿಯನ್ನು ತನಗೆ ಯಾರೂ ಪರಿಚಯ ಮಾಡಿಕೊಡಲಿಲ್ಲವಲ್ಲ ಎಂದು.

ಕೆರೆಯ ದಂಡೆಯಲ್ಲೂ ಅವಳಿರಲಿಲ್ಲ. ಹಿಂದೆ ಜಲ್ಲಿ ತೆಗೆದ ಗುಂಡಿಗಳಲ್ಲಿ ನೀರು ತುಂಬಿ ಆದ ಕೆರೆ ಅದು. ಒಂದು ಬೆಂಚು, ಬೆಂಚಿನ ಮೇಲೆ ನೆರಳು. ಬಂಗಾರೆವ್ವ ಬೆಂಚಿಗೆ ಕೈಯೂರಿ ಉಸಿರು ತೆಗೆದುಕೊಂಡಳು.

“ಇಲ್ಲೇ ಕುಂದರ್ತಿದ್ವಿರಿ ಇಬ್ಬರೂ. ಅಳೂದಿದ್ರ ಅತ್ತು, ನಗೂದಿದ್ರ ನಕ್ಕು, ಎದ್ದು ಮನಿಗೆ ಹೋಗ್ತಿದ್ವಿ.”

“ಎಂತ ಮಾತಾಡ್ತಿದ್ದಳು?”

“ಎಲ್ಲಾ ಮಾತಾಡ್ತಿದ್ರು. ಅವರಪ್ಪಗ ಮಲ್ಲಿಗಿ ತ್ವಾಟ ಇತ್ತಂತಲ್ರಿ, ನಸಿಕಿನ್ಯಾಗ ಎದ್ದು ಮೊಗ್ಗು ಬಿಡಿಸೂದು, ಅದನ್ನ ಹೇಳ್ತಿದ್ರು. ಮಗಳ ಸುದ್ದಿ ಹೇಳ್ತಿದ್ರು. ಡೇಕೇರಿನ ಹುಡುಗೂರ ಸುದ್ದಿ. ನಿಮ್ಮ ಸುದ್ದಿ ಮಾತ್ರ ಎಂದೂ ಹೇಳಲಿಲ್ಲ ಬಿಡ್ರಿ.”

ಆಗ ಫೋನು ಬಂತು. ಈ ಸಲ ಬೇರೆ ಪೋಲೀಸು, ಹೆಂಗಸು. ಊರ ದೊಡ್ಡ ರಸ್ತೆಯೊಂದರ ಪಕ್ಕ ಒಬ್ಬರು ಸಿಕ್ಕಿದ್ದಾರೆ, ಆರೋಗ್ಯವಾಗಿದ್ದಾರೆ, ಆದರೆ ಇಂಗ್ಲಿಷಿನಲ್ಲಿ ಏನು ಕೇಳಿದರೂ ಉತ್ತರವಿಲ್ಲ, ಮನೆ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರೆ ಒಂದನ್ನೇ ಮತ್ತೆ ಮತ್ತೆ ಹೇಳುತ್ತಾರೆ ಎಂದಳು. ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಕಥೆ ಹೇಳಿದವಳು ಸೌದಾಮಿನಿ. “ಕೇಳಿ,” ಎಂದು ಆ ಪೋಲೀಸು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಿರಬೇಕು. ವಾಹನಗಳ ಸದ್ದಿನ ನಡುವೆ ಸ್ಪಷ್ಟವಾಗಿ ಕೇಳಿಸಿತು: “…ತಗ್ಗಿನ ಬಾಗಿಲು, ತಿಪ್ಪೆ ಬಾಗಿಲು, ಬುಗ್ಗೆ ಬಾಗಿಲು, ನೀರು ಬಾಗಿಲು…”

ಇದು ಯಾವುದಾದರೂ ಅಡ್ರೆಸ್ಸೇ ಎಂದು ಪೋಲೀಸು ಕೇಳಿದಳು. ಸರ್ವೋತ್ತಮರು ಬರುತ್ತೇನೆ ಎಂದರು.

ಅಷ್ಟು ಹೊತ್ತಿಗೆ ಲಾಸ್ಯಾ ಕಾರು ತಂದಿದ್ದಳು. ಪೋಲೀಸು ಹೇಳಿದ ರಸ್ತೆಯ ಪಕ್ಕಕ್ಕೆ ಒಂದು ಬಡಾವಣೆಯ ಉದ್ದಕ್ಕೂ ಸಿಮೆಂಟು ಇಟ್ಟಿಗೆಯ ಎತ್ತರದ ಗೋಡೆ. ವಾಹನಗಳ ಸದ್ದು ಒಳಗೆ ಹೋಗಬಾರದೆಂದು ಕಟ್ಟಿದ್ದು, ಅದಕ್ಕೆ ಬಾಗಿಲಿರುವುದಿಲ್ಲ. ಬಾಗಿಲಿಟ್ಟರೆ ಸದ್ದು ನುಗ್ಗುತ್ತದೆ. ಇಂಥ ಎಷ್ಟೋ ಗೋಡೆಗಳನ್ನು ಸರ್ವೋತ್ತಮರೇ ಪ್ಲೆಸೆಂಟನ್ನಿನ ಆಫೀಸಿನಲ್ಲಿ ಕೂತು ಒಂದೇ ಗೆರೆಯಲ್ಲಿ ಎಳೆದಿದ್ದರು. ಆ ಗೋಡೆಯನ್ನು ಕೈಯಿಂದ ಸವರುತ್ತ ಸೌದಾಮಿನಿ ಬಾಗಿಲು ಹುಡುಕಿಕೊಂಡು ನಡೆದಿದ್ದಳು. ಒಂದು ತುದಿ ಮುಟ್ಟಿ ಹಿಂದಿರುಗಿ ಇನ್ನೊಂದು ತುದಿಗೆ, ಮತ್ತೆ ಹಿಂದಕ್ಕೆ. ಅಂಗೈ ಸುಲಿದು ಹೋಗಿತ್ತು. ಬರಿಗಾಲಿನಲ್ಲಿ ಗುಳ್ಳೆಗಳು ಎದ್ದಿದ್ದವು. ಅವಳು ಉಟ್ಟಿದ್ದದ್ದು ಹಳದಿ ಸೀರೆ. ಸರ್ವೋತ್ತಮರು ಅದನ್ನು ಈಗ ನೋಡಿದರು.

ಗಂಡನನ್ನು ಕಂಡದ್ದೇ ಅವಳು ಪೋಲೀಸಿನ ಕೈ ಬಿಡಿಸಿಕೊಂಡು ನೆಟ್ಟಗೆ ನಿಂತು ಸೆರಗು ಸರಿ ಮಾಡಿಕೊಂಡಳು. ಕುರಿಬಾಗಿಲಿನಿಂದ ಹೊರಟಳು. ಲಾಸ್ಯಾ, “ಮಮ್ಮಿ, ಸ್ಟಾಪ್, ಪ್ಲೀಸ್” ಎಂದು ಹೆಗಲು ತಬ್ಬಿದರೂ ನಿಲ್ಲಿಸಲಿಲ್ಲ. ಪಡುವಣ, ತೆಂಕಣ, ಮೂಡಣ, ಪೂರ್ತಿ ಸುತ್ತಿ ಕುರಿಬಾಗಿಲಿಗೆ ಬಂದು ಮುಟ್ಟಿ, ಒಣಗಿದ ತುಟಿ ಸವರಿಕೊಂಡು ಗಂಡನ ಮುಖ ನೋಡಿದಳು.

“ಎಲ್ಲಾ ಹೇಳಿದೆ,” ಅಂದಳು. “ಇನ್ನು ಊಟ ಮಾಡಬಹುದಾ?”

ಸರ್ವೋತ್ತಮರು ಅಲ್ಲೇ ಗೋಡೆಗೊರಗಿ ಕೂತುಬಿಟ್ಟರು. ಮನೆ ಎಲ್ಲಿ ಎಂದು ಕೇಳಿದ ಪೋಲೀಸಿಗೆ ಅವಳು ಅಷ್ಟು ಹೊತ್ತಿನಿಂದ ಹೇಳುತ್ತಿದ್ದದ್ದು ದಾರಿಯನ್ನಲ್ಲ. ಹಸಿವನ್ನು ಹೇಳುತ್ತಿದ್ದಳು. ಅನ್ನ ಬೇಕಾದರೆ ಏನು ಹೇಳಬೇಕೆಂದು ಈ ಗಂಡ ಕಲಿಸಿದ್ದನೋ ಅದನ್ನು ಹೇಳುತ್ತಿದ್ದಳು. ಮಲ್ಲಿಗೆ ಹೋಗಿತ್ತು, ಬನ್ನು ಹೋಗಿತ್ತು, ಕೆರೆಯ ಬೆಂಚು ಹೋಗಿತ್ತು, ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಹೋಗಿದ್ದಳು. ಅವಳು ತಾನಾಗಿ ಪ್ರೀತಿಸಿದ್ದೆಲ್ಲ ಹೋಗಿ, ಅವರು ಬಡಿದು ಕೂರಿಸಿದ್ದು ಮಾತ್ರ ನಿಂತಿತ್ತು. ಲಾಸ್ಯಾ ಅಪ್ಪನನ್ನು ಎಬ್ಬಿಸಲು ಕೈ ಕೊಡಲಿಲ್ಲ. ಕೈ ಕೊಟ್ಟದ್ದು ಪೋಲೀಸು.

ಡಾಕ್ಟರು ನೋಡಿದರು. ಒಂದೆರಡು ವರ್ಷ ಮೊದಲೇ ಬಂದಿದ್ದರೆ ಸ್ವಲ್ಪ ನಿಧಾನ ಮಾಡಬಹುದಿತ್ತು ಎಂದರು. ಯಾಕೆ ಬರಲಿಲ್ಲ ಎಂದು ಕೇಳಿದರು. ಲಾಸ್ಯಾ ಅಪ್ಪನತ್ತ ತಿರುಗಿ ಕಾದಳು.

ಸುದ್ದಿ ಸಭೆಗೆ ಮುಟ್ಟಿತು. ಪೋಲೀಸಿಗೆ ಅವಳು ಏನು ಹೇಳಿದಳೆಂಬುದೂ ಮುಟ್ಟಿತು. ಮುಂದಿನ ಭಾನುವಾರ ಪಾಸ್ಟರ್ ಸುಮನ್ ಅದನ್ನೇ ಪ್ರಸಂಗ ಮಾಡಿದ. “ನಮ್ಮ ಸೌದಾಮಿನಿ ಆಂಟಿ ಎಲ್ಲಾ ಮರ್ತಾರ. 'ನಿಮ್ಮ ಮನಿ ಎಲ್ಲಿ' ಅಂತ ಕೇಳಿದ್ರ ಅವರು ಯಾವ ಊರಿನ ಬಾಗಲಾ ಹೇಳಿದ್ರು? ದೇವರ ಪಟ್ಟಣದ ಬಾಗಲಾ! ಇಂಥ ವಿಶ್ವಾಸ ನಮಗದ ಏನ್ರಿ? ಇಂಥಾದ್ದು ಕಲಿಸಿದ ಸರ್ವೋತ್ತಮ ಅಂಕಲ್‌ಗೆ ನಾವೆಲ್ಲ ಎದ್ದು ನಿಂತು ವಂದನೆ ಹೇಳೂಣು.” ಸಭೆ ಎದ್ದು ನಿಂತಿತು. ಚಪ್ಪಾಳೆಯಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಸೌದಾಮಿನಿ ಎಲ್ಲರೂ ಎದ್ದರೆಂದು ತಾನೂ ಎದ್ದು, ಬ್ಯಾಂಡೇಜು ಸುತ್ತಿದ ಕೈಯಿಂದಲೇ ಚಪ್ಪಾಳೆ ತಟ್ಟಿದಳು. ಎಲ್ಲರ ಮುಂದೆ ತಮ್ಮ ಅನುಭವದ ಸಾಕ್ಷಿ ಹೇಳಬೇಕೆಂದು ಸುಮನ್ ಸರ್ವೋತ್ತಮರನ್ನು ಕರೆದ. ಕರೆಯದೆ ಎದ್ದು ಪ್ರಸಂಗ ತಿದ್ದುತ್ತಿದ್ದ ಮನುಷ್ಯ ಅಂದು ಕರೆದರೂ ಏಳಲಿಲ್ಲ. ಎದ್ದು ನಿಂತು, ಅದು ವಿಶ್ವಾಸವಲ್ಲ, ಅದು ನನ್ನ ಮನೆಯ ಊಟದ ಕ್ರಮ ಎನ್ನಬೇಕಿತ್ತು. ಕೂತೇ ಇದ್ದರು. ಎಷ್ಟು ತಗ್ಗಿ ನಡೆಯುವ ಮನುಷ್ಯ ಎಂದು ಜನ ಅದಕ್ಕೂ ಮೆಚ್ಚಿಕೊಂಡರು.

ಪ್ರಶ್ನೋತ್ತರ ನಿಂತಿತು. ಅವರು ನಿಲ್ಲಿಸಿದರು, ಅವಳು ನಿಲ್ಲಿಸಲಿಲ್ಲ. ತಟ್ಟೆ ಕಂಡರೆ ಸಾಕು, ಎದ್ದು ನಿಲ್ಲುತ್ತಾಳೆ. “ಬೇಡ ಸೌದಾ, ಕೂತ್ಕೊ, ಊಟ ಮಾಡು” ಎಂದು ಎಷ್ಟು ಹೇಳಿದರೂ ತುತ್ತು ಬಾಯಿಗೆ ಹೋಗುವುದಿಲ್ಲ. ಕೊನೆಗೆ ಅವರೇ ಸೋತು, “ಕುರಿಬಾಗಿಲಿನ ನಂತರ?” ಎನ್ನಬೇಕಾಗುತ್ತದೆ. ತಿನ್ನಿಸುವುದಕ್ಕೆ ಅವರಿಗೆ ಬೇರೆ ದಾರಿ ಗೊತ್ತಿಲ್ಲ.

ಒಂದು ಬೆಳಿಗ್ಗೆ ಅವರು ನರ್ಸರಿಗೆ ಹೋಗಿ ಮಲ್ಲಿಗೆಯ ಒಂದು ಗಿಡ ತಂದರು. ಹಿತ್ತಿಲಿನ ಜಲ್ಲಿ ಬಗೆದು ನೆಟ್ಟರು. ಹೆಂಡತಿಯ ಕೈ ಹಿಡಿದು ತಂದು ತೋರಿಸಿದರು. ಅವಳು ಗಿಡವನ್ನು ನೋಡಿದಳು, ಅವರನ್ನು ನೋಡಿದಳು, ಬಿಸಿಲು ಎಂದಳು. ಅವರು ಅವಳನ್ನು ಗ್ಯಾರೇಜಿನ ನೆರಳಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದರು. ಬಿಳಿ ಕಾಗದವನ್ನು ಸಣ್ಣಗೆ ಕತ್ತರಿಸಿ ಮೊಗ್ಗು ಮಾಡಿಟ್ಟಿದ್ದರು, ಒಂದು ಚಿಟಿಕೆಯಷ್ಟು. ಅದನ್ನು ಅವಳ ಅಂಗೈಗೆ ಹಾಕಿ, ಅವಳ ಮುಂದೆ ಮೊಣಕಾಲೂರಿ ಕೂತರು. ಹಾಗೆ ಕೂರಲು ಮೊಣಕಾಲು ಕೇಳಲಿಲ್ಲ, ಆದರೂ ಕೂತರು. ಜೀವಮಾನದಲ್ಲಿ ಮೊದಲ ಸಲ, ತಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಹೆಂಡತಿಗೆ ಕೇಳಿದರು.

“ಸೌದಾ, ಕೊಳದ ಹತ್ತಿರ ರಾಜನ ತೋಟ ಉಂಟಲ್ಲ. ಅದರಲ್ಲಿ ಎಂತ ಬೆಳೀತಿತ್ತು? ನೀನೇ ಹೇಳು. ನೀನು ಹೇಳಿದ್ದನ್ನೇ ನೆಡುವ.”

ಸೌದಾಮಿನಿ ಹಸಿರು ಬಳಿದ ರಟ್ಟನ್ನು ನೋಡಿದಳು. ಹುಬ್ಬು ಗಂಟಾಯಿತು. ಎಲ್ಲೋ ಆಳದಲ್ಲಿ ಹುಡುಕುತ್ತಿರುವುದು ಕಾಣುತ್ತಿತ್ತು. ಅವಳ ಮುಖ ಬೆಳಗಿತು. ಕಾಗದದ ಚೂರುಗಳು ಅಂಗೈಯಿಂದ ನೆಲಕ್ಕೆ ಉದುರುವ ಹಾಗೆ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡಳು.

“ಬರೆದಿಲ್ಲ,” ಅಂದಳು. ಆಮೇಲೆ ಅಳುಕುತ್ತ ಅವರ ಮುಖ ನೋಡಿದಳು. “ಸರಿ ಉಂಟಾ?”

ಅವಳಿಗೆ ಹಸಿವಾಗಿತ್ತು. ಸರ್ವೋತ್ತಮರು ಸರಿ ಉಂಟು ಎಂದರು.